ಬರೀ ಮಣ್ಣಿನಿಂದ ಮನುಷ್ಯನನ್ನು ಯಾರೂ ಮಾಡಲಿಲ್ಲ

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಪ್ರಾಜೆಕ್ಟಿಗೆ ‘ಮನುಷ್ಯ ಹುಟ್ಟಿದ ಕತೆಗಳು’ ಅನ್ನೋ ವಿಷಯ ಆರಿಸಿಕೊಂಡಿದ್ದಾಳೆ. ಹುಡುಕುವಾಗ ಒಂದು ವಿಡಿಯೋ ಸಿಕ್ಕಿತು. ದೇವರು ಮನುಷ್ಯನನ್ನು ಮಣ್ಣಿನಿಂದ ಮಾಡಿದ ಕತೆ ಪ್ರಪಂಚದ ಎಲ್ಲ ಜನರಲ್ಲೂ ಇದೆ, ಎಲ್ಲವೂ ಸುಮೇರಿಯಾದಿಂದ ಕದ್ದದ್ದು, ಸುಮೇರಿಯಾದವರಿಗೆ ಅದನ್ನು ಕಲಿಸಿದ್ದು ಚಿನ್ನ ತೆಗೆಯಲು ಬೇರೆ ಗ್ರಹದಿಂದ ಬಂದವರು, ಈಗ ವಿಜ್ಞಾನವೂ ಜೀವ ಹುಟ್ಟಿದ್ದು ಜೇಡಿಮಣ್ಣಿನಲ್ಲೇ ಅಂತ ಒಪ್ಪಿದೆ ಅಂತೆಲ್ಲ ಅದರಲ್ಲಿದೆ. ಅವಳು ಪೂರ್ತಿ ನಂಬಿಬಿಟ್ಟಿದ್ದಾಳೆ. ನನ್ನ ಗಂಡ ‘ಎಲ್ಲಾ ಕಾಗಕ್ಕ ಗುಬ್ಬಕ್ಕನ ಕತೆ, ಬಿಡು’ ಅಂತಾರೆ. ಆದರೆ ಇದನ್ನು ಶ್ರದ್ಧೆಯಿಂದ ನಂಬುವ ಮನೆಗಳ ಮಕ್ಕಳು ಅವಳ ಕ್ಲಾಸಿನಲ್ಲಿದ್ದಾರೆ. ಅವರ ಮುಂದೆ ನಿಂತು ‘ಇದು ಕದ್ದ ಕತೆ’ ಅಂದರೆ ಹೇಗೆ? ನಿಜಕ್ಕೂ ಇಷ್ಟು ಕಡೆ ಅದೇ ಮಣ್ಣು ಯಾಕೆ ಬಂತು? ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕ ಇವೆ ಅನಿಸಿತು. ಮಗಳು ಸುಳ್ಳು ನಂಬಿದಳಲ್ಲ ಅನ್ನೋದು ಒಂದು. ಆ ಸುಳ್ಳು ಬಿಡಿಸಲು ಹೋಗಿ ಅವಳ ಕುತೂಹಲವನ್ನೂ ಪಕ್ಕದ ಬೆಂಚಿನ ಗೆಳತಿಯ ಮನಸ್ಸನ್ನೂ ಕೆಡಿಸಿಬಿಟ್ಟರೆ ಅನ್ನೋದು ಇನ್ನೊಂದು. ನನಗೆ ಎರಡನೆಯದೇ ದೊಡ್ಡದು ಅನಿಸುತ್ತದೆ. ವಿಡಿಯೋದ ಮಾತುಗಳನ್ನು ಬಿಡಿಸೋದು ಅಷ್ಟೇನೂ ಕಷ್ಟದ ಕೆಲಸ ಅಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಪುರಾಣಗಳ ಪಂಡಿತ ಅಲ್ಲ. ಹಳೆಯ ಮಡಕೆ ಚೂರುಗಳನ್ನು ಓದೋದು ನನ್ನ ಕೆಲಸ. ಚೂರು ಕೈಗೆ ಬಂದ ತಕ್ಷಣ ನಾನು ನೋಡೋದು ಅದರ ಮೇಲಿನ ಬಣ್ಣವನ್ನಲ್ಲ, ಮುರಿದ ಅಂಚನ್ನು. ಮಣ್ಣಿಗೆ ಏನು ಬೆರೆಸಿದ್ದಾರೆ ಅಂತ ಅಲ್ಲಿ ಕಾಣುತ್ತದೆ. ಶುದ್ಧ ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ, ಬಿರಿಯುತ್ತದೆ. ಹಾಗಾಗಿ ಕುಂಬಾರರು ಅದಕ್ಕೆ ಮರಳೋ, ಹೊಟ್ಟೋ, ಕುಟ್ಟಿದ ಹಳೆ ಮಡಕೆಯ ಪುಡಿಯೋ ಸೇರಿಸಿ ಹದ ಮಾಡುತ್ತಾರೆ. ಹೊಟ್ಟು ಸುಟ್ಟುಹೋದ ಜಾಗದಲ್ಲಿ ಅಕ್ಕಿಕಾಳಿಗಿಂತ ಸಣ್ಣ ತೂತುಗಳು ಉಳಿದಿರುತ್ತವೆ. ಮನುಷ್ಯನನ್ನು ಮಣ್ಣಿನಿಂದ ಮಾಡಿದ ಕತೆಗಳನ್ನು ಓದುವಾಗಲೂ ನನಗೆ ಇದೇ ಚಾಳಿ. ಮಣ್ಣು ಇದೆ, ಸರಿ. ಅದಕ್ಕೆ ಏನು ಬೆರೆಸಿದರು?

ಆ ವಿಷಯಕ್ಕೆ ಬರುತ್ತೇನೆ. ಮೊದಲು ವಿಡಿಯೋದ ಲೆಕ್ಕ ಮುಗಿಸೋಣ.

‘ಎಲ್ಲ ಜನರಲ್ಲೂ’ ಅನ್ನೋದು ತಪ್ಪು. ಉತ್ತರ ಯುರೋಪಿನ ನಾರ್ಸ್ ಜನರ ಕತೆಯಲ್ಲಿ ದೇವರುಗಳಿಗೆ ಕಡಲ ದಡದಲ್ಲಿ ಎರಡು ಮರ ಸಿಗುತ್ತವೆ. ಅವೇ ಆಸ್ಕ್ ಮತ್ತು ಎಂಬ್ಲಾ, ಮೊದಲ ಗಂಡು ಮತ್ತು ಹೆಣ್ಣು. ಋಗ್ವೇದದ ಪುರುಷಸೂಕ್ತದಲ್ಲಿ ಮನುಷ್ಯರು ಬರೋದು ಪುರುಷನ ದೇಹದ ಭಾಗಗಳಿಂದ, ಅಲ್ಲಿ ಮಣ್ಣಿನ ಸುದ್ದಿಯೇ ಇಲ್ಲ. ಬ್ಯಾಬಿಲೋನಿನ ಪ್ರಸಿದ್ಧ ಸೃಷ್ಟಿಕಾವ್ಯ ಎನೂಮಾ ಎಲಿಶ್‌ನಲ್ಲೂ ಮನುಷ್ಯ ಆಗೋದು ಕಿಂಗು ಅನ್ನೋ ಸೋತ ದೇವರ ರಕ್ತದಿಂದ. ಈಜಿಪ್ಟಿನವರ ಒಂದು ಕತೆಯಲ್ಲಿ ಮನುಷ್ಯರು ಸೂರ್ಯದೇವರ ಕಣ್ಣೀರು. ಅವರ ಭಾಷೆಯಲ್ಲಿ ‘ಜನ’ ಮತ್ತು ‘ಕಣ್ಣೀರು’ ಅನ್ನೋ ಪದಗಳು ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತಿದ್ದವು, ಆ ಪದದಾಟದಿಂದಲೇ ಕತೆ ಬೆಳೆಯಿತು.

ಮಧ್ಯ ಅಮೆರಿಕದ ಮಾಯಾ ಜನರ ಪೊಪೋಲ್ ವೂಹ್ ಇನ್ನೂ ಮಜವಾಗಿದೆ. ಅಲ್ಲಿ ದೇವರುಗಳು ಮೊದಲು ಮಣ್ಣಿನಿಂದಲೇ ಶುರು ಮಾಡುತ್ತಾರೆ. ಗೊಂಬೆ ನಿಲ್ಲೋದಿಲ್ಲ. ಮುಖ ಒಂದು ಕಡೆ ಜೋತುಬೀಳುತ್ತದೆ, ತಲೆ ತಿರುಗಿಸಲು ಆಗೋದಿಲ್ಲ. ಮಾತಾಡುತ್ತದೆ, ಆದರೆ ಅರ್ಥ ಇರೋದಿಲ್ಲ. ನೀರು ತಾಗಿದ್ದೇ ತಡ, ಕರಗಿಹೋಗುತ್ತದೆ. ಆಮೇಲೆ ಮರದಲ್ಲಿ ಮಾಡುತ್ತಾರೆ, ಅದೂ ಕೆಡುತ್ತದೆ. ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ್ದು ಸರಿಹೋಗುತ್ತದೆ. ಮಣ್ಣಿನ ಗೊಂಬೆ ಮಾಡಿ ಕೈಸುಟ್ಟುಕೊಂಡ ಯಾರೋ ಹೇಳಿದ ಕತೆ ಅನಿಸುತ್ತದೆ ನನಗೆ.

ಬೇರೆ ಗ್ರಹದವರ ಮಾತಿಗೆ ಜಾಸ್ತಿ ಹೊತ್ತು ಬೇಡ. ಅದು 1976ರಲ್ಲಿ ಬಂದ ಒಂದು ಇಂಗ್ಲಿಷ್ ಪುಸ್ತಕದಿಂದ ಹಬ್ಬಿದ್ದು. ಮೆಸೊಪೊಟೇಮಿಯಾದ, ಅಂದರೆ ಸುಮೇರಿಯಾ, ಬ್ಯಾಬಿಲೋನ್ ಎಲ್ಲಾ ಇದ್ದ ಸೀಮೆಯ, ಮೂಲ ಕತೆಯಲ್ಲಿ ದೇವರುಗಳು ಚಿನ್ನ ಅಗೆಯುವುದಿಲ್ಲ, ಕಾಲುವೆ ಅಗೆಯುತ್ತಾರೆ. ಟೈಗ್ರಿಸ್, ಯೂಫ್ರೆಟಿಸ್ ನದಿಗಳನ್ನೇ ತೋಡುತ್ತಾರೆ. ಚಿನ್ನದ ಗಣಿಯನ್ನು ಸೇರಿಸಿದ್ದು ನಮ್ಮ ಕಾಲದವರು.

ವಿಜ್ಞಾನದ ಮಾತಿನಲ್ಲಿ ಮಾತ್ರ ಒಂದು ಎಳೆ ನಿಜ ಇದೆ. ಮೊದಲ ಜೀವ ಹುಟ್ಟುವುದಕ್ಕೆ ಜೇಡಿಮಣ್ಣಿನ ಹರಳುಗಳು ನೆರವಾಗಿರಬಹುದು ಅನ್ನೋ ಊಹೆಯನ್ನು 1960ರ ದಶಕದಲ್ಲಿ ಗ್ರಹಾಂ ಕೇರ್ನ್ಸ್-ಸ್ಮಿತ್ ಅನ್ನೋ ರಸಾಯನ ವಿಜ್ಞಾನಿ ಮುಂದಿಟ್ಟರು. ಮಾಂಟ್‌ಮೊರಿಲೊನೈಟ್ ಎಂಬ ಒಂದು ಬಗೆಯ ಜೇಡಿಯ ಮೇಲೆ ಜೀವಕೋಶದೊಳಗೆ ಇರುವ ಆರ್‌ಎನ್‌ಎ ಅನ್ನೋ ಅಣುವಿನ ತುಣುಕುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ ಅಂತ ಆಮೇಲೆ ಪ್ರಯೋಗಾಲಯದಲ್ಲಿ ಕಂಡಿತು. ಇಷ್ಟೇ. ಇದು ಇರುವ ಹಲವು ಊಹೆಗಳಲ್ಲಿ ಒಂದು, ತೀರ್ಮಾನ ಆಗಿಲ್ಲ. ನಿಜವೇ ಆದರೂ ಅದು ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನ, ಕಣ್ಣಿಗೆ ಕಾಣದ ಜೀವದ ಮಾತು. ಮನುಷ್ಯನ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 65 ಭಾಗ ಆಮ್ಲಜನಕ, 18 ಭಾಗ ಇಂಗಾಲ. ಜೇಡಿಮಣ್ಣಿನ ಬೆನ್ನೆಲುಬು ಸಿಲಿಕಾನ್ ಮತ್ತು ಅಲ್ಯುಮಿನಿಯಂ. ಅಲ್ಯುಮಿನಿಯಂಗೆ ನಮ್ಮ ದೇಹದಲ್ಲಿ ಏನೂ ಕೆಲಸ ಇಲ್ಲ. ಹಳಬರಿಗೆ ಇದೆಲ್ಲ ಗೊತ್ತಿತ್ತು ಅನ್ನೋದು ಅವರಿಗೆ ಮಾಡುವ ಮರ್ಯಾದೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ನನಗೆ ಹಾಗನಿಸೋದಿಲ್ಲ. ಅವರಿಗೆ ಗೊತ್ತಿದ್ದದ್ದು ಬೇರೆ, ಅದೂ ಸಣ್ಣದೇನಲ್ಲ.

ಇನ್ನು ‘ಕದ್ದದ್ದು’ ಅನ್ನೋ ಮಾತು. ಅದನ್ನು ನೋಡುವ ಮೊದಲು ಮೂಲ ಕತೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಹಿಂದಿನ ಸುಮೇರಿಯಾ, ಅಂದರೆ ಈಗಿನ ಇರಾಕಿನ ದಕ್ಷಿಣ ಭಾಗ, ಎರಡು ನದಿಗಳು ತಂದು ಹಾಕಿದ ಹೂಳು. ಕಲ್ಲು ಇಲ್ಲ, ಒಳ್ಳೆ ಮರ ಇಲ್ಲ. ಇರೋದು ಮಣ್ಣು. ಮನೆ ಮಣ್ಣಿನ ಇಟ್ಟಿಗೆಯದು, ದೇವಸ್ಥಾನವೂ ಅದರದೇ. ಕುಯಿಲಿನ ಕುಡುಗೋಲನ್ನೂ ಒಂದು ಕಾಲಕ್ಕೆ ಸುಟ್ಟ ಮಣ್ಣಿನಲ್ಲೇ ಮಾಡುತ್ತಿದ್ದರು. ಲೆಕ್ಕ, ಪತ್ರ, ಪದ್ಯ ಎಲ್ಲಾ ಬರೆಯೋದೂ ಮಣ್ಣಿನ ಫಲಕದ ಮೇಲೆ. ಅಂಥ ಫಲಕಗಳಲ್ಲಿ ಉಳಿದ ಕತೆ ಅತ್ರಹಾಸಿಸ್. ನಮಗೆ ಸಿಕ್ಕಿರುವ ಒಳ್ಳೆಯ ಪ್ರತಿ ಕ್ರಿ.ಪೂ. 17ನೇ ಶತಮಾನದ್ದು, ಮೂರು ಫಲಕ, ಒಟ್ಟು 1,245 ಸಾಲು. ಮಣ್ಣಿನ ಮನುಷ್ಯನ ಕತೆ ನಮಗೆ ಸಿಕ್ಕಿದ್ದೂ ಮಣ್ಣಿನ ಮೇಲೇ.

ಕತೆ ಶುರುವಾಗೋದು ಮುಷ್ಕರದಿಂದ. ಚಿಕ್ಕ ದೇವರುಗಳು ಕಾಲುವೆ ತೋಡಿ, ಮಣ್ಣಿನ ಬುಟ್ಟಿ ಹೊತ್ತು ಸಾಕಾಗಿ, ಸಲಕರಣೆಗಳಿಗೆ ಬೆಂಕಿ ಇಟ್ಟು ಯಜಮಾನ ಎನ್ಲಿಲ್‌ನ ಬಾಗಿಲಿಗೆ ಬರುತ್ತಾರೆ. ಆಗ ಜಾಣ ದೇವರು ಎನ್ಕಿ ಒಂದು ದಾರಿ ಹೇಳುತ್ತಾನೆ: ಬುಟ್ಟಿ ಹೊರಲು ಬೇರೆ ಯಾರನ್ನಾದರೂ ಮಾಡೋಣ. ಬುದ್ಧಿ ಇದ್ದ ಒಬ್ಬ ದೇವರನ್ನು ಕೊಲ್ಲುತ್ತಾರೆ. ಅವನ ರಕ್ತ ಮಾಂಸವನ್ನು ತಾಯಿದೇವಿ ಜೇಡಿಮಣ್ಣಿಗೆ ಕಲಸುತ್ತಾಳೆ. ಉಳಿದ ದೇವರುಗಳು ಅದರ ಮೇಲೆ ಉಗುಳುತ್ತಾರೆ. ಎನ್ಕಿ ಆ ಮಣ್ಣನ್ನು ಕಾಲಿನಿಂದ ತುಳಿಯುತ್ತಾನೆ, ದೇವಿ ಪಕ್ಕದಲ್ಲಿ ಮಂತ್ರ ಹೇಳುತ್ತಾಳೆ. ಆಮೇಲೆ 14 ಮುದ್ದೆ ಕೀಳುತ್ತಾಳೆ, ಏಳು ಬಲಕ್ಕೆ, ಏಳು ಎಡಕ್ಕೆ, ನಡುವೆ ಒಂದು ಇಟ್ಟಿಗೆ.

ಇಟ್ಟಿಗೆ ಗೂಡಿನ ಕೆಲಸ ಕಂಡವರಿಗೆ ಇದು ಥಟ್ಟನೆ ಹೊಳೆಯುತ್ತದೆ, ಅಲ್ವಾ? ನೀರು ಸೇರಿಸೋದು, ತುಳಿದು ಹದ ಮಾಡೋದು, ಮುದ್ದೆ ಕಿತ್ತು ಸಾಲಾಗಿ ಇಡೋದು. ದೇವರೇ ಕೆಸರಿಗೆ ಇಳಿದು ಮಣ್ಣು ತುಳಿಯುತ್ತಾನೆ. ನಡುವಿನ ಆ ಇಟ್ಟಿಗೆಯೂ ಸುಮ್ನೆ ಬಂದದ್ದಲ್ಲ. ಆ ಕಾಲದಲ್ಲಿ ಹೆಂಗಸರು ಹೆರುತ್ತಿದ್ದದ್ದು ಇಟ್ಟಿಗೆಗಳ ಆಸರೆಯಲ್ಲಿ. ದಿನಾ ನೋಡುವ ಎರಡು ಕೆಲಸಗಳನ್ನು, ಇಟ್ಟಿಗೆ ಮಾಡೋದನ್ನೂ ಹೆರಿಗೆಯನ್ನೂ, ಕವಿ ಒಂದೇ ಕೋಣೆಗೆ ತಂದ.

ಈಗ ನನ್ನ ಪ್ರಶ್ನೆ: ಏನು ಬೆರೆಸಿದರು? ದೇವರ ರಕ್ತ. ಯಾಕೆ? ಬರೀ ಮಣ್ಣಾದರೆ ಇಟ್ಟಿಗೆ ಆಗುತ್ತದೆ, ಯೋಚನೆ ಮಾಡುವ ಆಳು ಆಗೋದಿಲ್ಲ. ‘ನಾವು ಯಾಕೆ ದುಡಿಯಬೇಕು’ ಅನ್ನೋದಕ್ಕೆ ಮಣ್ಣು ಉತ್ತರ. ‘ದುಡಿಯುವವನಿಗೆ ಬುದ್ಧಿ ಯಾಕಿದೆ’ ಅನ್ನೋದಕ್ಕೆ ಆ ರಕ್ತ ಉತ್ತರ. ಕೊಂದದ್ದು ಮುಷ್ಕರದ ಮುಂದಾಳನ್ನೇ ಅಂತ ಕೆಲವು ವಿದ್ವಾಂಸರು ಓದುತ್ತಾರೆ. ಹಾಗಿದ್ದರೆ ನಮ್ಮೊಳಗೆ ಸ್ವಲ್ಪ ಜಗಳಗಂಟಿ ರಕ್ತವೂ ಇದೆ ಅಂತಾಯಿತು.

ಇದೇ ಪ್ರಶ್ನೆ ಹಿಡಿದು ಬೇರೆ ಕಡೆ ನೋಡಿ. ಹೀಬ್ರೂ ಬೈಬಲ್ಲಿನ ಆದಿಕಾಂಡದ 2ನೇ ಅಧ್ಯಾಯದಲ್ಲಿ ರಕ್ತ ಇಲ್ಲ, ಕೊಲೆ ಇಲ್ಲ. ನೆಲದ ಧೂಳಿಗೆ ದೇವರು ಉಸಿರು ಊದುತ್ತಾನೆ. ಅಲ್ಲಿ ‘ರೂಪಿಸಿದನು’ ಅನ್ನೋದಕ್ಕೆ ಬಳಸಿದ ಕ್ರಿಯಾಪದದಿಂದಲೇ ಹೀಬ್ರೂವಿನಲ್ಲಿ ‘ಕುಂಬಾರ’ ಅನ್ನೋ ಪದವೂ ಬಂದಿದೆ. ‘ಆದಾಮ್’ ಅಂದರೆ ಮನುಷ್ಯ, ‘ಅದಾಮಾ’ ಅಂದರೆ ಹೊಲದ ನೆಲ. ಕುರಾನಿನಲ್ಲಿ ಧೂಳು, ಜೇಡಿ, ಹದಗೊಂಡ ಕಪ್ಪು ಕೆಸರು ಅಂತ ಬೇರೆ ಬೇರೆ ಪದಗಳಿವೆ. ಅದರಲ್ಲಿ ಒಂದು, ಮಡಕೆಯಂತೆ ತಟ್ಟಿದರೆ ಸದ್ದು ಮಾಡುವ ಒಣ ಜೇಡಿ. ಒಣಗಿದ ಮಡಕೆಯನ್ನು ಬೆರಳಲ್ಲಿ ತಟ್ಟಿ ನೋಡಿದ ಯಾರಿಗಾದರೂ ಆ ಸದ್ದು ಗೊತ್ತು.

ಚೀನಾದ ನೂವಾ ದೇವಿ ಹಳದಿ ಮಣ್ಣಿನಿಂದ ಒಬ್ಬೊಬ್ಬರನ್ನೇ ಕೈಯಾರೆ ಮಾಡುತ್ತಾಳೆ. ಸುಸ್ತಾಗುತ್ತದೆ. ಆಮೇಲೆ ಹಗ್ಗವನ್ನು ಕೆಸರಲ್ಲಿ ಎಳೆದು ಎತ್ತುತ್ತಾಳೆ, ಅದರಿಂದ ಬಿದ್ದದ್ದೆಲ್ಲ ಮನುಷ್ಯರಾಗುತ್ತವೆ. ಕೈಯಲ್ಲಿ ಮಾಡಿದವರು ಶ್ರೀಮಂತರು, ಹಗ್ಗದವರು ಬಡವರು. ಕ್ರಿ.ಶ. 2ನೇ ಶತಮಾನದಲ್ಲಿ ಇದನ್ನು ಬರೆದಿಟ್ಟವನು ಬಡವನಲ್ಲ ಅಂತ ಬೇರೆ ಹೇಳಬೇಕಾಗಿಲ್ಲ!

ಸುಮೇರಿಯಾದ ಇನ್ನೊಂದು ಕತೆಯಲ್ಲಿ ಎನ್ಕಿ ಮತ್ತು ನಿನ್ಮಾ ದೇವಿ ಬಿಯರ್ ಕುಡಿದು ಪಂದ್ಯ ಕಟ್ಟುತ್ತಾರೆ. ಅವಳು ಜೇಡಿಯಿಂದ ಅಂಗವೈಕಲ್ಯ ಇರುವವರನ್ನು ಮಾಡುತ್ತಾಳೆ. ಅವನು ಒಬ್ಬೊಬ್ಬರಿಗೂ ಒಂದು ಜಾಗ ಹುಡುಕುತ್ತಾನೆ, ಕಣ್ಣು ಕಾಣದವನಿಗೆ ಸಂಗೀತ ಕೊಡುತ್ತಾನೆ. ಸಾವಿರಾರು ಮೈಲಿ ದೂರದ ಪಶ್ಚಿಮ ಆಫ್ರಿಕಾದಲ್ಲಿ, ಯೊರುಬಾ ಜನರ ಒಬಾತಲಾ ದೇವರು ಜೇಡಿಯಲ್ಲಿ ಮನುಷ್ಯರನ್ನು ಮಾಡುವಾಗ ಹೆಂಡ ಕುಡಿದು ಕೈತಪ್ಪಿದ. ಅದಕ್ಕೇ ವೈಕಲ್ಯ ಇರುವವರು ಅವನ ರಕ್ಷಣೆಯಲ್ಲಿದ್ದಾರೆ, ಅವನ ಭಕ್ತರು ಹೆಂಡ ಮುಟ್ಟೋದಿಲ್ಲ. ಒಬ್ಬರಿಂದೊಬ್ಬರು ಪಡೆದರು ಅನ್ನೋದಕ್ಕೆ ಇಲ್ಲಿ ಯಾವ ಸಾಕ್ಷ್ಯವೂ ಇಲ್ಲ. ‘ನನ್ನ ಮಗು ಯಾಕೆ ಹೀಗೆ ಹುಟ್ಟಿತು’ ಅಂತ ಎಲ್ಲ ಕಡೆಯೂ ತಾಯಂದಿರು ಕೇಳಿದ್ದಾರೆ. ಮಣ್ಣಿನ ಕೆಲಸ ಮಾಡುವವರ ನಡುವೆ ಬದುಕಿದ ಜನಕ್ಕೆ ಸೊಟ್ಟಗಾದ ಮಡಕೆ ಕಣ್ಣೆದುರೇ ಇತ್ತು.

ಈಗ ಕಳ್ಳತನದ ಮಾತು. ಪಶ್ಚಿಮ ಏಷ್ಯಾದ ಕತೆಗಳ ನಡುವೆ ನಂಟು ಇದೆ, ಅದನ್ನು ಅಲ್ಲಗಳೆಯೋಕಾಗಲ್ಲ. ಮೆಸೊಪೊಟೇಮಿಯಾದ ರಾಜ ಗಿಲ್ಗಮೇಶನ ಕತೆಯಲ್ಲಿ ಅರೂರು ದೇವಿ ಚಿಟಿಕೆ ಜೇಡಿ ಕಿತ್ತು ಕಾಡಿಗೆಸೆದು ಎನ್ಕಿದು ಅನ್ನೋ ಕಾಡುಮನುಷ್ಯನನ್ನು ಮಾಡುತ್ತಾಳೆ. ಆ ಕತೆಯ ಫಲಕದ ಚೂರು ಈಗಿನ ಇಸ್ರೇಲಿನ ಮೆಗಿದ್ದೋದಲ್ಲಿ ಸಿಕ್ಕಿದೆ. ಅತ್ರಹಾಸಿಸನ ಪ್ರಳಯದ ಕತೆಯ ಒಂದು ತುಣುಕು ಸಿರಿಯಾದ ಕರಾವಳಿಯ ಉಗಾರಿತ್‌ನಲ್ಲಿ ಸಿಕ್ಕಿದೆ. ಎರಡೂ ಬೈಬಲ್ಲಿಗಿಂತ ಎಷ್ಟೋ ಹಳೆಯವು. ಬರವಣಿಗೆ ಕಲಿಯುವ ಹುಡುಗರು ಈ ಕಾವ್ಯಗಳನ್ನು ನಕಲು ಮಾಡಿ ಮಾಡಿ ಕಲಿಯುತ್ತಿದ್ದರು. ಹೀಗೆ ಕತೆ ಊರೂರು ದಾಟಿತು. ಇದನ್ನು ಕಳ್ಳತನ ಅನ್ನಬೇಕಾ? ಹೀಬ್ರೂ ಕವಿ ರಕ್ತವನ್ನು ತೆಗೆದು ಉಸಿರು ಹಾಕಿದ. ಕೊಲೆಯಾದ ದೇವರ ಬದಲು ಬಗ್ಗಿ ಊದುವ ದೇವರನ್ನು ತಂದ. ಪಕ್ಕದ ಮನೆಯ ಮಣ್ಣೇ ಇರಬಹುದು, ಮಡಕೆ ಮಾತ್ರ ಅವನದೇ.

ದೂರದ ಕತೆಗಳಲ್ಲಿ ಬೇರೆ ಎಚ್ಚರ ಬೇಕು. ಪೆಸಿಫಿಕ್ ದ್ವೀಪಗಳ ಕತೆಗಳನ್ನು ಮೊದಲು ಬರೆದುಕೊಂಡವರಲ್ಲಿ ಮಿಷನರಿಗಳೇ ಜಾಸ್ತಿ. ತಹಿತಿಯಲ್ಲಿ ಒಂದು ಕತೆ ಕೇಳಿಬಂತು: ತಾರೋವಾ ದೇವರು ಕೆಮ್ಮಣ್ಣಿನಿಂದ ಗಂಡಸನ್ನು ಮಾಡಿ, ಅವನು ನಿದ್ದೆ ಮಾಡುವಾಗ ಒಂದು ‘ಇವಿ’ ತೆಗೆದು ಹೆಂಗಸನ್ನು ಮಾಡಿದ. ಅವರ ಭಾಷೆಯಲ್ಲಿ ‘ಇವಿ’ ಅಂದರೆ ಮೂಳೆ. ಬೈಬಲ್ಲಿನಲ್ಲಿ ಆದಾಮನ ಪಕ್ಕೆಲುಬಿನಿಂದ ಮಾಡಿದ ಹೆಂಗಸು ಈವ್. ಹೆಸರು, ಮೂಳೆ, ಎಲ್ಲಾ ಸರಿಯಾಗಿ ಕೂತಿತು. 1829ರಲ್ಲಿ ಇದನ್ನು ಅಚ್ಚು ಹಾಕಿಸಿದ ಮಿಷನರಿ ವಿಲಿಯಂ ಎಲ್ಲಿಸ್‌ಗೇ ಅನುಮಾನ ಬಂತು, ನಾವು ಹೇಳಿದ್ದನ್ನೇ ಇವರು ನಮಗೆ ತಿರುಗಿ ಹೇಳುತ್ತಿದ್ದಾರಾ ಅಂತ. ತನಗೆ ಅನುಕೂಲವಾದ ಸಾಕ್ಷ್ಯವನ್ನೇ ಅನುಮಾನಿಸಿದ ಆ ಮನುಷ್ಯನ ಮೇಲೆ ನನಗೆ ಗೌರವ. ನಿಮ್ಮ ಮಗಳ ಪ್ರಾಜೆಕ್ಟಿನಲ್ಲಿ ಈ ಒಂದು ಪ್ರಸಂಗ ಇದ್ದರೂ ಸಾಕು.

ಹಾಗಾದರೆ ಮಣ್ಣೇ ಯಾಕೆ? ನನ್ನ ಮಟ್ಟಿಗೆ ಉತ್ತರ ಕೈಯಲ್ಲೇ ಇದೆ. ಒದ್ದೆ ಜೇಡಿಯನ್ನು ಮುಷ್ಟಿಯಲ್ಲಿ ಒತ್ತಿ ಬಿಡಿ. ನಿಮ್ಮ ಅಂಗೈ ಗೆರೆ, ಬೆರಳ ಸುಳಿ ಎಲ್ಲಾ ಅದರಲ್ಲಿ ಮೂಡಿರುತ್ತದೆ. ಇಷ್ಟು ಬೇಗ ನಮ್ಮ ಗುರುತು ಹಿಡಿದಿಡುವ ವಸ್ತು ಇನ್ನೊಂದಿಲ್ಲ. ಚೆಕ್ ನಾಡಿನ ಡೋಲ್ನಿ ವೆಸ್ಟೋನಿಟ್ಸೆ ಎಂಬಲ್ಲಿ 1925ರಲ್ಲಿ ಸುಟ್ಟ ಮಣ್ಣಿನ ಒಂದು ಹೆಣ್ಣಿನ ಗೊಂಬೆ ಸಿಕ್ಕಿತು. ಎತ್ತರ ಸುಮಾರು 11 ಸೆಂಟಿಮೀಟರ್. ವಯಸ್ಸು 25 ಸಾವಿರ ವರ್ಷಕ್ಕೂ ಜಾಸ್ತಿ. ಅದರ ಬೆನ್ನ ಮೇಲೆ ಒಂದು ಬೆರಳ ಗುರುತು ಇದೆ, ಮಗುವಿನದು. ಆವಿಗೆಗೆ ಹಾಕುವ ಮೊದಲು ಯಾವುದೋ ಹುಡುಗನೋ ಹುಡುಗಿಯೋ ಮುಟ್ಟಿರಬೇಕು. ನಮಗೆ ಗೊತ್ತಿರುವ ಅತಿ ಹಳೆಯ ಮಡಕೆಗಳು ಚೀನಾದ ಶಿಯಾನ್‌ರೆನ್‌ದೊಂಗ್ ಗುಹೆಯವು, ಸುಮಾರು 20 ಸಾವಿರ ವರ್ಷದವು. ಅಂದರೆ ಸಿಕ್ಕಿರುವ ಲೆಕ್ಕದಲ್ಲಿ ಜನ ಮಡಕೆ ಮಾಡುವ ಮೊದಲೇ ಮಣ್ಣಿನಲ್ಲಿ ಮನುಷ್ಯರನ್ನು ಮಾಡುತ್ತಿದ್ದರು. ನಾವು ಮಾಡಿದ್ದನ್ನೇ ದೇವರೂ ಮಾಡಿರಬೇಕು ಅಂದುಕೊಳ್ಳಲು ಆಮೇಲೆ ಎಷ್ಟು ಹೊತ್ತು ಬೇಕು?

ಕೆಲವು ಕಡೆ ಕತೆಯ ಕಾಲವನ್ನೂ ಕುಂಬಾರರ ಸಲಕರಣೆಯೇ ಹೇಳುತ್ತದೆ. ಈಜಿಪ್ಟಿನ ಟಗರುತಲೆಯ ಖ್ನೂಮ್ ದೇವರು ಮಕ್ಕಳನ್ನು ತಿಗರಿಯ ಮೇಲೆ ಮಾಡುತ್ತಾನೆ. ಹತ್ಶೆಪ್ಸುತ್ ರಾಣಿಯನ್ನು ಹಾಗೆ ಮಾಡುತ್ತಿರುವ ಚಿತ್ರ ದೇರ್ ಎಲ್-ಬಹ್ರಿಯ ದೇವಾಲಯದ ಗೋಡೆಯಲ್ಲಿದೆ. ತಿಗರಿ ಬರುವ ಮೊದಲು ಆ ಕತೆ ಆ ರೂಪದಲ್ಲಿ ಇರಲು ಸಾಧ್ಯವೇ ಇಲ್ಲ.

ಇನ್ನೊಂದು ಕಾರಣ ಸಾವು. ಹೂತ ದೇಹ ಮಣ್ಣಾಗೋದನ್ನು ಎಲ್ಲರೂ ನೋಡಿದ್ದಾರೆ. ನಮ್ಮ ಭಾಷೆಯಲ್ಲೂ ಹೂಳೋದಕ್ಕೆ ‘ಮಣ್ಣು ಮಾಡೋದು’ ಅಂತೇವೆ. ಕೊನೆ ಮಣ್ಣಾದರೆ ಮೊದಲೂ ಮಣ್ಣೇ ಇರಬೇಕು ಅನ್ನೋ ಲೆಕ್ಕ ಕಷ್ಟದ್ದಲ್ಲ. ಲ್ಯಾಟಿನ್ನಿನ ‘ಹೋಮೋ’ ಅಂದರೆ ಮನುಷ್ಯ, ‘ಹ್ಯೂಮಸ್’ ಅಂದರೆ ಮಣ್ಣು. ಎರಡಕ್ಕೂ ಬೇರು ಒಂದೇ, ಭೂಮಿ ಅನ್ನೋ ಅರ್ಥದ ಸಂಸ್ಕೃತದ ‘ಕ್ಷಮಾ’ ಕೂಡ ಅದೇ ಬೇರಿನದು ಅಂತಾರೆ ಭಾಷಾಶಾಸ್ತ್ರಜ್ಞರು.

ಆ ಹೆಸರಿನ ಬಗ್ಗೆ ರೋಮನ್ನರ ಒಂದು ಪುಟ್ಟ ಕತೆ ಇದೆ. ನಿಮಗಾಗಿಯೇ ಹೇಳುತ್ತೇನೆ. ಕ್ಯೂರಾ, ಅಂದರೆ ಚಿಂತೆ, ಹೊಳೆ ದಾಟುವಾಗ ಜೇಡಿ ಕಂಡು ಯೋಚಿಸುತ್ತಾ ಒಂದು ಗೊಂಬೆ ಮಾಡುತ್ತಾಳೆ. ದೇವರುಗಳ ರಾಜ ಜ್ಯೂಪಿಟರ್ ಅದಕ್ಕೆ ಜೀವ ಕೊಡುತ್ತಾನೆ. ಹೆಸರು ಯಾರದಿಡಬೇಕು ಅಂತ ಜಗಳ ಹತ್ತುತ್ತದೆ. ಮಣ್ಣು ನನ್ನದು ಅಂತ ಭೂಮಿಯೂ ಬರುತ್ತಾಳೆ. ಸ್ಯಾಟರ್ನ್ ದೇವರು ತೀರ್ಪು ಕೊಡುತ್ತಾನೆ: ಹ್ಯೂಮಸ್‌ನಿಂದ ಆದದ್ದಕ್ಕೆ ಹೆಸರು ಹೋಮೋ, ಸತ್ತ ಮೇಲೆ ಜೀವ ಜ್ಯೂಪಿಟರನಿಗೆ, ದೇಹ ಭೂಮಿಗೆ, ಬದುಕಿರುವಷ್ಟು ದಿನ ಇದು ಚಿಂತೆಯ ಸ್ವತ್ತು. ಇಲ್ಲಿ ಮಣ್ಣಿಗೆ ಬೆರೆಸಿದ್ದು ಏನು ಅಂತ ಎಂಟನೇ ಕ್ಲಾಸಿನ ಮಗಳ ತಾಯಿಗೆ ನಾನು ಹೇಳಬೇಕಾಗಿಲ್ಲ.

ಇನ್ನು ಮಗಳಿಗೆ ಏನು ಹೇಳೋದು. ‘ಎಲ್ಲಾ ಒಂದೇ ಕಡೆಯಿಂದ ಬಂತು’ ಅಂತ ಬರೆಯಬಹುದು, ಸುಲಭ. ಆದರೆ ಯೊರುಬಾ, ಮಾಯಾ ಕತೆಗಳ ಮುಂದೆ ಆ ಮಾತು ನಿಲ್ಲೋದಿಲ್ಲ, ಜತೆಗೆ ಯಾರನ್ನೋ ಕಳ್ಳರನ್ನಾಗಿ ಮಾಡುತ್ತದೆ. ‘ಎಲ್ಲರೂ ತಮ್ಮಷ್ಟಕ್ಕೇ ಯೋಚಿಸಿದರು’ ಅಂತ ಬರೆದರೆ ಯಾರಿಗೂ ನೋವಾಗೋದಿಲ್ಲ, ಆದರೆ ಮೆಗಿದ್ದೋದ ಚೂರನ್ನು ಮುಚ್ಚಿಟ್ಟಂತಾಗುತ್ತದೆ. ನಿಮ್ಮ ಯಜಮಾನರ ದಾರಿಯಲ್ಲಿ ಪ್ರಾಜೆಕ್ಟೇ ಉಳಿಯೋದಿಲ್ಲ. ನಾನಾದರೆ ಎರಡು ಪ್ರಶ್ನೆ ಬೇರೆ ಇಡುತ್ತೇನೆ. ಈ ಮಾತು ನಿಜವೇ ಅನ್ನೋದು ನಂಬುವವರ ಮನೆಯ ಪ್ರಶ್ನೆ. ನಂಬುವವರಲ್ಲೂ ಅಕ್ಷರಶಃ ಓದುವವರಿದ್ದಾರೆ, ಸಂಕೇತವಾಗಿ ಓದುವವರಿದ್ದಾರೆ. ಈ ಮಾತನ್ನು ಯಾರು, ಎಲ್ಲಿ, ಯಾವಾಗ, ಯಾವ ಪದದಲ್ಲಿ ಹೇಳಿದರು ಅನ್ನೋದು ಪ್ರಾಜೆಕ್ಟಿನ ಪ್ರಶ್ನೆ. ಅವಳು ಎರಡನೆಯದಕ್ಕೆ ಮಾತ್ರ ಉತ್ತರ ಬರೆಯಲಿ. ಒಂದು ಕೋಷ್ಟಕ ಮಾಡಲಿ: ಊರು, ಕಾಲ, ಮಾಡಿದವರು, ಬೆರೆಸಿದ್ದು, ಆ ಮನುಷ್ಯನಿಗೆ ಕೊಟ್ಟ ಕೆಲಸ. ಗೆಳತಿಯ ಮನೆಯಲ್ಲಿ ಈ ಕತೆಯನ್ನು ಹೇಗೆ ಹೇಳುತ್ತಾರೆ ಅಂತ ಅವಳನ್ನೇ ಕೇಳಿ ಒಂದು ಸಾಲು ತುಂಬಿಸಿದರೆ ಇನ್ನೂ ಚೆನ್ನ.

ಜತೆಗೆ ಸ್ವಲ್ಪ ಜೇಡಿ ತಂದುಕೊಡಿ. ಅಂಗೈಯಷ್ಟು ಉದ್ದದ ಎರಡು ಗೊಂಬೆ ಮಾಡಲಿ, ಒಂದು ಬರೀ ಜೇಡಿಯದು, ಇನ್ನೊಂದಕ್ಕೆ ಕಾಲು ಭಾಗ ಸಣ್ಣ ಮರಳು ಸೇರಿಸಿದ್ದು. ನೆರಳಲ್ಲಿ ನಾಲ್ಕೈದು ದಿನ ಒಣಗಲಿ. ಒಲೆಯಲ್ಲಿ ಮಾತ್ರ ಸುಡಲು ಹೋಗಬೇಡಿ, ಒಳಗೆ ತೇವ ಉಳಿದಿದ್ದರೆ ಸಿಡಿಯುತ್ತದೆ. ಬರೀ ಜೇಡಿಯ ಗೊಂಬೆಯ ಕತ್ತನ್ನು ಮೂರನೇ ದಿನ ನೋಡಲು ಹೇಳಿ. ಸಾಮಾನ್ಯವಾಗಿ ಬಿರುಕು ಮೊದಲು ಅಲ್ಲೇ ಕಾಣಿಸೋದು.